ಸೂಗಪ್ಪನವರ ಹದಿನಾಲ್ಕನೆಯ ಸೀನು

ಸೂಗಪ್ಪನವರು ಸೀನಿದರೆ ಚಿನ್ನಚೆರುವು ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಮೇಲೇಳುತ್ತಿದ್ದವು. ಇದು ಕಣ್ಣಾರೆ ಕಂಡವರ ಮಾತು. ಕಾಣದವರು ಇನ್ನೂ ಹೆಚ್ಚು ಬಲ್ಲರು: ಕೆರೆಯ ನೀರು ಒಂದು ಗೇಣು ಹಿಂದೆ ಸರಿಯುತ್ತಿತ್ತು, ಮೀನುಗಳು ದಡಕ್ಕೆ ಬಂದು ಕ್ಷಮೆ ಕೇಳುತ್ತಿದ್ದವು, ಬೇಗಂಪೇಟೆಯಿಂದ ಹಾರಿದ ವಿಮಾನ ಕಾಲೋನಿಯ ಮೇಲೆ ಬಂದಾಗ ಪೈಲಟ್ಟು ಗಡಿಯಾರ ನೋಡಿಕೊಂಡು ಸ್ವಲ್ಪ ಓರೆಯಾಗಿ ಹೋಗುತ್ತಿದ್ದ.

ಇಷ್ಟು ಪ್ರತಾಪದ ಒಡೆಯರು ಭಾಲ್ಕಿ ಕಡೆಯವರು, ಐದಡಿ ಎರಡಂಗುಲದ ಆಳು, ಹೈದರಾಬಾದಿನ ಕೋಠಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ದನಿ ಎಂದೂ ಏರಿಸಿದವರಲ್ಲ. ಮದುವೆಯಲ್ಲಿ ಅವರು ‘ಹೂಂ’ ಅಂದದ್ದು ಕೇಳಿಸದೆ ಸ್ವಾಮಿಗಳು ಮೂರು ಸಲ ಕೇಳಬೇಕಾಯಿತೆಂದು ಹೆಂಡತಿ ಅಂಬವ್ವ ಇಂದಿಗೂ ಹೇಳುತ್ತಾರೆ. ಆಡದೆ ಉಳಿಸಿದ ದನಿಯನ್ನೆಲ್ಲ ದೇವರು ಅವರ ಮೂಗಿಗೆ ವರ್ಗ ಮಾಡಿದ್ದ.

ಇದು ಎಪ್ಪತ್ತೊಂಬತ್ತರ ಸಂಗತಿ. ಹೈದರಾಬಾದಿನ ಗದ್ದಲ ಸಾಕಾಗಿ, ಮಕ್ಕಳು ಮರಿ ಕೆರೆಯ ಗಾಳಿಯಲ್ಲಿ ಬೆಳೆಯಲೆಂದು ನಲವತ್ತು ನೌಕರರ ಸಂಸಾರಗಳು ಊರ ಹೊರಗೆ ಬಂದು ಚಿನ್ನಚೆರುವು ಕಾಲೋನಿ ಕಟ್ಟಿಕೊಂಡಿದ್ದವು. ಗಾಳಿ ಬೇಕಾದಷ್ಟಿತ್ತು. ಬಸ್ಸು ಮಾತ್ರ ಏಳೂ ಮುಕ್ಕಾಲಿಗೆ ಒಂದೇ. ಅದು ತಪ್ಪಿದರೆ ಮತ್ತೆ ಒಂಬತ್ತೂವರೆಗೆ.

ಏಳೂವರೆಗೆ ಸರಿಯಾಗಿ ಎಲ್ಲರೂ ಚಪ್ಪಲಿ ಮೆಟ್ಟುವ ಹೊತ್ತಿಗೆ ಸೂಗಪ್ಪನವರ ಮನೆಯಿಂದ ಒಂದು ಸೀನು ಹೊರಡುತ್ತಿತ್ತು. ಒಂದೇ ಒಂದು. ಒಂಟಿ ಸೀನು ಕೇಳಿ ಯಾರು ಹೊಸ್ತಿಲು ದಾಟುತ್ತಾರೆ? ನಲವತ್ತು ಮನೆಯ ಗಂಡಸರೂ ಒಳಗೆ ಹೋಗಿ, ಕುಳಿತು, ಒಂದು ಗುಟುಕು ನೀರು ಕುಡಿದು, ದೇವರನ್ನು ನೆನೆದು ಹೊರಬರುವಷ್ಟರಲ್ಲಿ ಬಸ್ಸಿನ ಧೂಳಷ್ಟೇ ಉಳಿದಿರುತ್ತಿತ್ತು. ಸೀನಿದವನಿಗೆ ತನ್ನ ಶಕುನ ತಟ್ಟುವುದಿಲ್ಲವಷ್ಟೆ. ಸೂಗಪ್ಪನವರು ಮಾತ್ರ ಖಾಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ರಾಜನಂತೆ ಕೋಠಿಗೆ ಹೋಗುತ್ತಿದ್ದರು.

ಇದರಿಂದ ಎಲ್ಲರಿಗಿಂತ ಹೆಚ್ಚು ಬೆಂದವರು ಪಕ್ಕದ ಮನೆಯ ಕೃಷ್ಣಾಬಾಯಿ. ಅವರ ಮಗ ಜಯತೀರ್ಥ ಟೈಪಿಸ್ಟು. ಇಲಾಖೆಯ ಪರೀಕ್ಷೆ ಪಾಸಾದರೆ ಬಡ್ತಿ. ಹಿಂದಿನ ಎರಡು ವರ್ಷವೂ ಪರೀಕ್ಷೆಯ ದಿನ ಸೀನು ಬಿತ್ತು, ಬಸ್ಸು ತಪ್ಪಿತು, ಬೇಗಂಪೇಟೆಯ ಪರೀಕ್ಷಾ ಕೇಂದ್ರ ತಲುಪುವ ಹೊತ್ತಿಗೆ ಬಾಗಿಲು ಹಾಕಿತ್ತು. ಇದು ಮೂರನೆಯ ಸಲ, ಕೊನೆಯ ಅವಕಾಶ. ತಪ್ಪಿದರೆ ಪಿಂಚಣಿಯವರೆಗೆ ಟಕಟಕ ಟೈಪು ಕುಟ್ಟುವುದೇ ಗತಿ.

ಶತ್ರುವನ್ನು ದೂರ ಇಡುವುದಕ್ಕಿಂತ ಕೋಟೆಯೊಳಗೇ ಕೂರಿಸಿಕೊಂಡು ಕಾಯುವುದು ಮೇಲೆಂದು ಕೃಷ್ಣಾಬಾಯಿ ನಿಶ್ಚಯಿಸಿದರು. ಸುಲ್ತಾನ್ ಬಜಾರಿನಿಂದ ದಪ್ಪನೆಯ ಉಣ್ಣೆಯ ಮಫ್ಲರ್ ತರಿಸಿದರು. ಪರೀಕ್ಷೆಯ ಹಿಂದಿನ ಸಂಜೆ ಕೆರೆ ಏರಿಯ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಹಿಡಿದರು.

“ಸೂಗಪ್ಪನವರ, ನಾಳೆ ಮುಂಜಾನೆ ಇದನ್ನ ಮೂಗಿಗೆ ಸುತ್ತಿಕೊಂಡು ನಮ್ಮನ್ಯಾಗ ಕೂಡಬೇಕು. ನನ್ನ ಕಣ್ಣಮುಂದ.”

“ಕೂಡತೀನ್ರಿ ಬಾಯಾರ.”

“ಸೀನು ಬಂದ್ರ ನುಂಗಬೇಕು.”

“ನುಂಗತೀನ್ರಿ.”

“ಇವರಿಗೆ ನುಂಗೂದು ಬಂದಿದ್ರ,” ಎಂದರು ಅಂಬವ್ವ, “ನಮ್ಮ ಮನಿ ಹೆಂಚು ಇನ್ನೂ ಮನಿ ಮ್ಯಾಲೇ ಇರತಿದ್ದವ್ರಿ.”

ಮರುದಿನ ಏಳೂ ಕಾಲಿಗೆ ಸೂಗಪ್ಪನವರು ಕಣ್ಣು ಮಾತ್ರ ಕಾಣುವಂತೆ ಮಫ್ಲರ್ ಸುತ್ತಿಕೊಂಡು ಕೃಷ್ಣಾಬಾಯಿಯ ಪಡಸಾಲೆಯಲ್ಲಿ ಕುಳಿತರು. ಎಡಕ್ಕೆ ಅಂಬವ್ವ. ಬಲಕ್ಕೆ ನಿವೃತ್ತ ಹೆಡ್ ಮಾಸ್ತರ ವೀರಭದ್ರಪ್ಪನವರು. ಶಕುನದ ವಿಷಯದಲ್ಲಿ ಕಾಲೋನಿಗೆ ಅವರ ಮಾತೇ ಹೈಕೋರ್ಟು. ಜಯತೀರ್ಥ ಪೆನ್ನಿಗೆ ಮಸಿ ತುಂಬಿಕೊಂಡು ಸಜ್ಜಾದ. ಬಂದವರನ್ನು ಬರಿಹೊಟ್ಟೆಯಲ್ಲಿ ಕೂರಿಸಬಾರದೆಂದು ಕೃಷ್ಣಾಬಾಯಿ ಒಳಗೆ ಹೋಗಿ ಅವಲಕ್ಕಿಗೆ ಒಗ್ಗರಣೆ ಇಟ್ಟರು.

ಜಯತೀರ್ಥ ಒಂದು ಕಾಲು ಹೊಸ್ತಿಲಾಚೆ ಇಟ್ಟ. ಮಫ್ಲರ್ ಹಾರಿ ಗೂಟಕ್ಕೆ ತಗುಲಿಕೊಂಡಿತು. ಕೊಕ್ಕರೆಗಳು ಎದ್ದವು.

“ಆತು, ಮುಳುಗಿತು,” ಎಂದು ಕೃಷ್ಣಾಬಾಯಿ ಸೌಟು ಹಿಡಿದೇ ಓಡಿಬಂದರು. ಅಷ್ಟರಲ್ಲಿ ಇನ್ನೊಂದು.

“ತಡೀರಿ,” ಎಂದು ವೀರಭದ್ರಪ್ಪನವರು ಕೈಯೆತ್ತಿದರು. “ಜೋಡಿ ಸೀನು ಶುಭ. ಹೋಗೋ ತಮ್ಮಾ.”

ಆತ ಕಾಲೆತ್ತುವಷ್ಟರಲ್ಲಿ ಮೂರನೆಯದು. ಕಾಲು ಒಳಗೆ ಬಂತು. ನಾಲ್ಕು, ಹೊರಗೆ. ಐದು, ಒಳಗೆ. ಸ್ಟವ್ ಮೇಲಿನ ಒಗ್ಗರಣೆಯ ನೆನಪು ಯಾರಿಗೂ ಇರಲಿಲ್ಲ. ಜಯತೀರ್ಥನ ಕಾಲು ಗಡಿಯಾರದ ಲೋಲಕದಂತೆ ಹೊಸ್ತಿಲ ಮೇಲೆ ತೂಗತೊಡಗಿತು. ಹದಿಮೂರಕ್ಕೆ ಬಂದು ಸೀನು ನಿಂತುಬಿಟ್ಟಿತು.

ಬೀದಿಯ ಕೊನೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

“ಇನ್ನೊಂದು, ಸೂಗಪ್ಪನವರ. ನಿಮ್ಮ ಕಾಲು ಹಿಡೀತೀನಿ, ಒಂದ ಒಂದು,” ಎಂದರು ಕೃಷ್ಣಾಬಾಯಿ. ಒಂದು ಸೀನು ಬೇಡವೆಂದು ಎರಡು ವರ್ಷ ಹರಕೆ ಹೊತ್ತ ಬಾಯಿ ಅದು.

ಸೂಗಪ್ಪನವರು ಸೂರ್ಯನನ್ನು ದಿಟ್ಟಿಸಿದರು. ವೀರಭದ್ರಪ್ಪನವರ ನಶ್ಯ ಏರಿಸಿದರು. ಅಂಬವ್ವ ಸೆರಗಿನ ತುದಿ ಹೊಸೆದು ಗಂಡನ ಮೂಗಿಗೆ ತುರುಕಿದರು. ಬಾಯಿ ತೆರೆಯಿತು, ಕಣ್ಣು ಮುಚ್ಚಿತು, ಮನೆಯೇ ಉಸಿರು ಹಿಡಿಯಿತು. “ಹೋತ್ರಿ,” ಎಂದರು ಸೂಗಪ್ಪನವರು ಮೆಲ್ಲಗೆ, ತಪ್ಪಿತಸ್ಥರಂತೆ.

ಆಗ ಸುಟ್ಟ ವಾಸನೆ ಬಂತು. ಕೃಷ್ಣಾಬಾಯಿ ಒಳಗೆ ಓಡಿ, ಕರಿಯಾದ ಒಗ್ಗರಣೆಗೆ ಒಂದು ಚೊಂಬು ನೀರು ಸುರಿದರು. ಚುಂಯ್ ಎಂದು ಎದ್ದ ಹೊಗೆ ಪಡಸಾಲೆ ತುಂಬಿತು.

ಹದಿನಾಲ್ಕನೆಯದು ಬಂದಾಗ ಜಯತೀರ್ಥ ಹೊಸ್ತಿಲ ಮೇಲಿದ್ದ. ಅದು ಮುಗಿದಾಗ ಬಸ್ಸಿನಲ್ಲಿದ್ದ. ನಡುವೆ ಓಡಿದ್ದು ತನಗೆ ನೆನಪೇ ಇಲ್ಲ, ಸೀನೇ ಎತ್ತಿ ಕೂರಿಸಿತೆಂದು ಆತ ಈಗಲೂ ಹೇಳುತ್ತಾನೆ.

ಮೂರು ತಿಂಗಳಿಗೆ ಫಲಿತಾಂಶ ಬಂತು. ಪಾಸು. ಅಂದಿನಿಂದ ಸೂಗಪ್ಪನವರ ಮನೆ ಮುಂದೆ ಸರದಿ. ಕನ್ಯೆ ನೋಡಲು ಹೊರಟವರು, ಹೊಸ ಸ್ಕೂಟರ್ ಕೊಂಡವರು, ಮಗುವನ್ನು ಶಾಲೆಗೆ ಹಾಕುವವರು, ಎಲ್ಲರಿಗೂ ಸಮಸಂಖ್ಯೆಯ ಸೀನು ಬೇಕು. ಸೂಗಪ್ಪನವರ ಮೂಗು ಕೆಂಪಾಯಿತು, ಕೀರ್ತಿ ಮೌಲಾಲಿಯವರೆಗೆ ಹರಡಿತು. ಕೊನೆಗೊಂದು ಸಂಜೆ ಕೃಷ್ಣಾಬಾಯಿ ಪೇಡೆಯ ತಟ್ಟೆ ಹಿಡಿದು, ಹಿಂದೆ ಅರ್ಧ ಕಾಲೋನಿಯನ್ನು ಕಟ್ಟಿಕೊಂಡು ಬಂದು ಕೈಮುಗಿದರು.

“ನಿಮ್ಮನ್ನ ಬಾಯಿಗೆ ಬಂದಂಗ ಬೈದೀನಿ, ಹೊಟ್ಟ್ಯಾಗ ಹಾಕ್ಕೋರಿ. ಒಂದು ಮಾತು ಹೇಳ್ರಿ. ದಿನಾ ಏಳೂವರಿಗೆ, ನಿಮಿಷ ತಪ್ಪದಂಗ ಬರತದಲ್ಲಾ, ಇದು ಯಾವ ದೇವರ ವರ, ಎಂಥಾ ಸಾಧನಾ?”

ಎಲ್ಲರೂ ಕಿವಿಯಾದರು. ಸೂಗಪ್ಪನವರು ಪೇಡೆ ನುಂಗಿ, ಬೆರಳು ಒರೆಸಿಕೊಂಡರು.

“ಸಾಧನಾ ಏನಿಲ್ರಿ ಬಾಯಾರ. ಗುಂಟೂರು ಮೆಣಸಿನಕಾಯಿರಿ. ನಿಮ್ಮ ಒಗ್ಗರಣಿ ಘಾಟು ಸೀದಾ ನಮ್ಮ ಕಿಟಕಿಗೆ ಬರತೈತಿ.”