ಕತ್ತಲೆ ಪೆಟ್ಟಿಗೆಯೊಳಗಿನ ಕರೆಂಟು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಬ್ಯಾಡರಹಳ್ಳಿಯ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ದೊಡ್ಡ ಕಾರ್ಖಾನೆಯಿಂದ ನಿವೃತ್ತನಾಗಿ ಅತ್ತಿಗುಪ್ಪೆಯ ಮನೆಯಲ್ಲಿ ಪೇಪರ್ ಓದಿಕೊಂಡು ಕೂತಿದ್ದವನನ್ನು ಮಾಲೀಕರಾದ ಗಂಗಣ್ಣನವರು ಕರೆದುಕೊಂಡು ಹೋಗಿದ್ದರು. ತಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲೇ ಅವರು ಶೆಡ್ ಕಟ್ಟಿಸಿ, ಒಳಗೊಂದು ಧೂಳು ನುಸುಳದ ಕ್ಲೀನ್‌ರೂಮ್ ಮಾಡಿಸಿದ್ದರು.

ಆಗ ನಮಗೆ ಒಂದು ಸಂಶೋಧನಾ ಸಂಸ್ಥೆಯಿಂದ ಸಿಲಿಕಾನ್ ಟ್ರ್ಯಾಕರ್‌ನ ಮಾಡ್ಯೂಲ್ ಜೋಡಿಸುವ ಕೆಲಸ ಬಂದಿತ್ತು. ವಿದೇಶದ ಕೊಲೈಡರ್ ಯಂತ್ರದಲ್ಲಿ ಪ್ರೋಟಾನ್‌ಗಳನ್ನು ಎದುರುಬದುರು ಡಿಕ್ಕಿ ಹೊಡೆಸುತ್ತಾರೆ. ಅಲ್ಲಿಂದ ಸಿಡಿಯುವ ಕಣಗಳು ಯಾವ ದಾರಿ ಹಿಡಿದವೆಂದು ಪತ್ತೆ ಮಾಡುವುದು ಈ ಮಾಡ್ಯೂಲ್‌ಗಳಲ್ಲಿರುವ ತೆಳು ಸಿಲಿಕಾನ್ ಬಿಲ್ಲೆಗಳ ಕೆಲಸ. ಕಣ ಹಾದುಹೋದಾಗ ಬಿಲ್ಲೆಯಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಅದನ್ನು ಚಿಪ್‌ಗೆ ಮುಟ್ಟಿಸಲು ಕೂದಲಿಗಿಂತ ಸಣ್ಣ ಅಲ್ಯೂಮಿನಿಯಂ ತಂತಿಗಳನ್ನು ಬೆಸೆಯಬೇಕು. ಅದೇ ವೈರ್ ಬಾಂಡಿಂಗ್.

ಆ ಕೆಲಸಕ್ಕೆ ನಮ್ಮಲ್ಲಿ ಇಬ್ಬರಿದ್ದರು. ಮೂಡಲಪಾಳ್ಯದಿಂದ ಬರುತ್ತಿದ್ದ ಶೋಭಾ ಹಳಬರು. ನವೀನ್ ಅವರ ಹತ್ತಿರವೇ ಕಲಿತವನು. ಇಬ್ಬರಿಗೂ ಬೇರೆ ಬೇರೆ ಬೆಂಚು, ಬೇರೆ ಬೇರೆ ಟೆಸ್ಟ್ ಪೆಟ್ಟಿಗೆ. ಬೆಸೆದ ಮಾಡ್ಯೂಲನ್ನು ಆ ಪೆಟ್ಟಿಗೆಯಲ್ಲಿಟ್ಟು ವೋಲ್ಟೇಜ್ ಕೊಟ್ಟು, ಸುಮ್ಮನೆ ಸೋರಿಹೋಗುವ ಕರೆಂಟನ್ನು ಅಳೆಯುತ್ತಿದ್ದೆವು. ಈ ಲೀಕೇಜ್ ಹೆಚ್ಚಾಯಿತೆಂದರೆ ಬೆಸೆಯುವಾಗ ಸಿಲಿಕಾನ್‌ಗೆ ಗೀರು ಬಿದ್ದಿದೆಯೆಂಬ ಅನುಮಾನ ಮೊದಲು ಬರುತ್ತದೆ. ಬೆಳಕು ಬಿದ್ದರೂ ಸಿಲಿಕಾನ್‌ನಲ್ಲಿ ಕರೆಂಟು ಹುಟ್ಟುವುದರಿಂದ ಪೆಟ್ಟಿಗೆಯೊಳಗೆ ಕತ್ತಲೆ ಇರಬೇಕು. ಟೆಸ್ಟ್ ಕೋಣೆಗೆ ಕಿಟಕಿ ಇರಲಿಲ್ಲ. ಅಳೆಯುವಾಗ ದೀಪಗಳನ್ನೂ ಆರಿಸುತ್ತಿದ್ದೆವು.

ಒಂದು ವಾರ ಶೋಭಾ ಅವರ ಮಾಡ್ಯೂಲ್‌ಗಳು ಒಂದರ ಹಿಂದೊಂದು ಫೇಲ್ ಆದವು. ನವೀನ್‌ನವು ಪಾಸಾಗುತ್ತಲೇ ಇದ್ದವು.

"ಆಯಮ್ಮಂಗೆ ವಯಸ್ಸಾಯ್ತು ಸಾರ್, ಕೈ ನಡುಗ್ತಾ ಇರ್ಬೇಕು. ಪ್ಯಾಕಿಂಗ್‌ಗೆ ಹಾಕ್ಬಿಡೋಣ," ಎಂದರು ಗಂಗಣ್ಣ. ಮಾತು ಮುಗಿಯುವಷ್ಟರಲ್ಲಿ ಹಾಕಿಯೂ ಆಗಿತ್ತು. ಇನ್ನು ಕಾಯಂ ಮಾಡಲು ನನ್ನ ವರದಿಯೊಂದು ಬೇಕಿತ್ತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕಾರಣ ತಿಳಿಯುವ ಮುಂಚೆ ಮನುಷ್ಯರನ್ನು ಎತ್ತಂಗಡಿ ಮಾಡಿದರೆ ಮೈಯೆಲ್ಲ ಉರಿಯುತ್ತದೆ. ಶೋಭಾ ಅವರನ್ನೇ ಹೋಗಿ ಕೇಳಿದೆ. ರಟ್ಟಿನ ಡಬ್ಬಗಳ ನಡುವೆ ನಿಂತಿದ್ದ ಅವರು ತಲೆ ಎತ್ತಲಿಲ್ಲ. "ನಾನು ಎಲ್ಲೂ ತಾಗಿಸಿಲ್ಲ ಸಾರ್. ಆದ್ರೆ ಮೀಟರ್ ಸುಳ್ಳು ಹೇಳುತ್ತಾ?" ಎಂದರು.

ಫೇಲಾದವನ್ನೆಲ್ಲ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದೆ. ಒಂದರಲ್ಲೂ ಗೀರಿರಲಿಲ್ಲ. ಶೋಭಾ ಅವರ ಮಾಡ್ಯೂಲನ್ನು ನವೀನ್‌ನ ಪೆಟ್ಟಿಗೆಯಲ್ಲಿಟ್ಟೆ, ಪಾಸಾಯಿತು. ನವೀನ್‌ನದನ್ನು ಶೋಭಾ ಅವರ ಪೆಟ್ಟಿಗೆಯಲ್ಲಿಟ್ಟೆ, ಫೇಲಾಯಿತು. ತಪ್ಪು ಕೈಯದಲ್ಲ, ಪೆಟ್ಟಿಗೆಯದು. ಕೇಬಲ್ ಬದಲಾಯಿಸಿದೆವು, ಮೀಟರ್ ಬದಲಾಯಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಒಂದು ಕಪ್ಪು ಬಟ್ಟೆ ತರಿಸಿ ಪೆಟ್ಟಿಗೆಗೆ ಹೊದಿಸಿದೆ. ಕರೆಂಟು ತಟ್ಟನೆ ಇಳಿಯಿತು. ಮುಚ್ಚಳದ ಮೂಲೆಯಲ್ಲಿ ರಬ್ಬರ್ ಪಟ್ಟಿ ಈಚೆಗೆ ಸೀಳಿದಂತಿತ್ತು. ಆದರೆ ಕತ್ತಲೆ ಕೋಣೆಯಲ್ಲಿ ಬೆಳಕು ನುಗ್ಗುವುದಾದರೂ ಎಲ್ಲಿಂದ?

"ಲೈಟ್ ಎಲ್ಲಾ ಆರಿಸಿದೀಯೇನಯ್ಯಾ?"

"ಎಲ್ಲಾ ಆಫ್ ಸಾರ್," ಎಂದ ನವೀನ್.

ತಲೆ ಎತ್ತಿದೆ. ಪೆಟ್ಟಿಗೆಯ ನೇರ ಮೇಲೆ ಗೋಡೆಯಲ್ಲಿ ಗಂಗಣ್ಣನವರ ಮನೆದೇವರ ಫೋಟೋ. ಅದರ ಮುಂದೆ ಕೆಂಪು ಜೀರೋ ಬಲ್ಬ್.

"ಮತ್ತೆ ಅದು?"

"ಅದು ದೇವ್ರ ದೀಪ ಅಲ್ವಾ ಸಾರ್."

ಅವನು ತಮಾಷೆ ಮಾಡುತ್ತಿರಲಿಲ್ಲ. ಘಟಕ ಶುರುವಾದ ದಿನದಿಂದ ಉರಿಯುತ್ತಿದ್ದ ಆ ಬಲ್ಬಿಗೆ ನಾವೆಲ್ಲ ದಿನಾ ಒಳಗೆ ಬಂದೊಡನೆ ಕೈಮುಗಿಯುತ್ತಿದ್ದೆವು, ನಾನೂ ಸೇರಿ. ಆರಿಸಬೇಕಾದ ಲೈಟುಗಳಲ್ಲಿ ಅದೂ ಒಂದು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಸಿಲಿಕಾನ್‌ಗೆ ಆ ಭೇದ ಗೊತ್ತಿಲ್ಲ.

ಗಂಗಣ್ಣನವರನ್ನು ಕರೆಸಿ ತೋರಿಸಿದೆ. "ನಮ್ಮಮ್ಮ ಕೈಯಾರೆ ಹಚ್ಚಿದ್ದು ಸಾರ್. ಹೆಂಗೆ ಆರ್ಸೋದು?" ಎಂದು ಮುಖ ಸಣ್ಣದು ಮಾಡಿಕೊಂಡರು.

"ಆರಿಸ್ಬೇಡಿ. ದೇವರನ್ನ ನಿಮ್ಮ ಆಫೀಸಿಗೆ ಕರ್ಕೊಂಡು ಹೋಗಿ. ಅದಕ್ಕೆ ಮುಂಚೆ ಶೋಭಾ ಅವರನ್ನ ಇಲ್ಲಿಗೆ ಕರೀರಿ," ಎಂದೆ.

ಅವರೇ ಬಲ್ಬನ್ನು ಬಿಚ್ಚಿ, ಫೋಟೋ ಇಳಿಸಿ ಎದೆಗವಚಿಕೊಂಡು ಹೋದರು. ರಬ್ಬರ್ ಪಟ್ಟಿ ಹೊಸದು ಹಾಕಿಸಿ, ಶೋಭಾ ಅವರ ಕೈಯಿಂದಲೇ ಅವರ ಮಾಡ್ಯೂಲನ್ನು ಅದೇ ಪೆಟ್ಟಿಗೆಯಲ್ಲಿ ಇಡಿಸಿದೆ. ಪಾಸಾಯಿತು. ಮತ್ತೊಂದು ಇಟ್ಟರು, ಅದೂ ಪಾಸಾಯಿತು.

"ತಪ್ಪಾಯ್ತು ಕಣಮ್ಮ. ನಿಮ್ಮ ಬೆಂಚು ನಿಮ್ಗೇ," ಎಂದರು ಗಂಗಣ್ಣ, ಬಾಗಿಲಲ್ಲೇ ನಿಂತು.

ಶೋಭಾ ನಗುತ್ತಾರೆಂದುಕೊಂಡಿದ್ದೆ. ಅವರು ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. "ಮನೇಲಿ ದಿನಾ ಸೂಜಿಗೆ ದಾರ ಪೋಣಿಸಿ ನೋಡ್ತಿದ್ದೆ ಸಾರ್. ಪ್ರತಿಸಲಾನೂ ಪೋಣಿಸ್ತಿದ್ದೆ. ಆದ್ರೂ ನಂಬಿಕೆ ಬರ್ತಿರ್ಲಿಲ್ಲ," ಎಂದರು.

ಅಳತೆಯಲ್ಲಿ ಎಡವಟ್ಟಾದಾಗ ಮೊದಲು ಪೆಟ್ಟಿಗೆಯನ್ನು ಅನುಮಾನಿಸಿ, ಆಮೇಲೆ ಮನುಷ್ಯರನ್ನು ಎಂದು ನಾನು ಹೊಸಬರಿಗೆ ಈಗಲೂ ಹೇಳುತ್ತೇನೆ. ಪೆಟ್ಟಿಗೆಯನ್ನು ಎಷ್ಟು ಅನುಮಾನಿಸಿದರೂ ಅದು ಮನೆಗೆ ಹೋಗಿ ಸೂಜಿಗೆ ದಾರ ಪೋಣಿಸುತ್ತಾ ಕೂರುವುದಿಲ್ಲ.