ನೋವಿಗೆ ಎಷ್ಟು ಮಾರ್ಕ್ಸ್

ವಡೋದರಾದ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನಾನು ನರ್ಸ್. ಕಿರುಚಿ ಅಳುವ ಮಕ್ಕಳಿಗೆ ನಾನು ಹೆದರುವುದಿಲ್ಲ. ಅಳದ ಮಕ್ಕಳನ್ನು ಕಂಡರೆ ಮಾತ್ರ ಎದೆ ಡವಗುಟ್ಟುತ್ತದೆ. ಈ ಬುದ್ಧಿ ಬಂದದ್ದು ಏಳು ವರ್ಷದ ಒಬ್ಬ ಹುಡುಗಿಯಿಂದ.

ಅಂದು ಉತ್ತರಾಯಣ, ಇಲ್ಲಿಯವರ ಗಾಳಿಪಟದ ಹಬ್ಬ. ಊರಿಗೆ ಊರೇ ತಾರಸಿ ಹತ್ತಿತ್ತು. ಊರಂಚಿನ ಕೊಯಾಲಿಯ ಕಾಲೊನಿಯ ಈ ಹುಡುಗಿ ಗಾಳಿಪಟ ನೋಡುತ್ತಾ ಹಿಂದಕ್ಕೆ ಹೋಗಿ, ಮೆಟ್ಟಿಲಿನಿಂದ ಉರುಳಿ ಬಲ ಮುಂಗೈ ಮುರಿದುಕೊಂಡಿದ್ದಳು. ಡಾಕ್ಟರು ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿ ನಮ್ಮ ವಾರ್ಡಿಗೆ ಕಳಿಸಿದ್ದರು. ತಾಯಿ ಮೈಸೂರಿನವರು. ನಾನು ಧಾರವಾಡ ಕಡೆಯವಳು. ಕನ್ನಡ ಕಿವಿಗೆ ಬಿದ್ದದ್ದೇ ನನಗೆ ಹಬ್ಬವಾಯಿತು.

ಪೆಟ್ಟಾದ ಮಕ್ಕಳನ್ನು ಗಂಟೆಗೊಮ್ಮೆ ಕೇಳಿ, ನೋವನ್ನು ಸೊನ್ನೆಯಿಂದ ಹತ್ತರೊಳಗೆ ಬರೆದಿಡುವುದು ನಮ್ಮ ಪದ್ಧತಿ.

“ಪುಟ್ಟಿ, ಕೈ ನೋವು ಹತ್ತಕ್ಕ ಎಷ್ಟೈತಿ?”

“ಸೊನ್ನೆ.”

“ನೋಡಿದ್ರಾ ಸಿಸ್ಟರ್? ನಮ್ಮ ಹುಡುಗಿ ಗಟ್ಟಿಗಿತ್ತಿ!” ಎಂದು ತಾಯಿ ಬೀಗಿದರು.

ನಾನೂ ಬೀಗಿದೆ, ನಮ್ಮ ಕನ್ನಡದ ಕೂಸಲ್ಲವೇ! ಸೊನ್ನೆ ಎಂದು ಬರೆದು ತಾಯಿಯ ಜೊತೆ ಹರಟೆಗೆ ನಿಂತೆ. ಇಲ್ಲಿನ ಸಿಹಿ ಬೇಳೆ, ಅಲ್ಲಿನ ಖಾರದ ಸಾರು, ಮಾತು ಮುಗಿಯುವುದೇ ಇಲ್ಲ. ಒಂದು ಗಂಟೆ ಬಿಟ್ಟು ಮತ್ತೆ ಕೇಳಿದೆ. ಮತ್ತೆ ಸೊನ್ನೆ.

ತಾಯಿ ಚಿಕ್ಕಿ ಕೊಟ್ಟರೆ ಹುಡುಗಿ ಮುಟ್ಟಲಿಲ್ಲ. ಅಷ್ಟರಲ್ಲಿ ಕಿಟಕಿಯಾಚೆ ಯಾರದೋ ಗಾಳಿಪಟದ ದಾರ ಕಡಿದುಹೋಗಿ ಕೇಕೆ ಎದ್ದಿತು. ಅವಳು ಅತ್ತ ತಿರುಗಲೂ ಇಲ್ಲ.

ಗಾಳಿಪಟಕ್ಕಾಗಿ ಕೈ ಮುರಿದುಕೊಂಡ ಹುಡುಗಿ! ನಾನು ಹರಟೆ ಬಿಟ್ಟು ಅವಳ ಮಂಚಕ್ಕೆ ಬಾಗಿದೆ. ಪ್ಲಾಸ್ಟರಿನ ಹೊರಗಿದ್ದ ಬೆರಳುಗಳನ್ನು ನೋಡಿದೆ. ಊದಿಕೊಂಡು ತಣ್ಣಗಾಗಿದ್ದವು. ಒಂದನ್ನು ಮೆಲ್ಲಗೆ ನೇರ ಮಾಡಿದ್ದೇ ತಡ, ಅವಳು ತುಟಿ ಕಚ್ಚಿದಳು, ಕಣ್ಣೀರು ಬಳಬಳ ಇಳಿಯಿತು.

“ಇಷ್ಟು ನೋವಿದ್ರ ಸೊನ್ನೆ ಅಂತ ಯಾಕ ಹೇಳಿದಿ, ಕಂದಾ?”

“ಇದು ಗಂದಾ ನೋವು, ಕೆಟ್ಟದ್ದು,” ಎಂದಳು ಬಿಕ್ಕುತ್ತಾ. “ಗಂದಾಗೆ ಮಾರ್ಕ್ಸ್ ಯಾಕೆ ಕೊಡೋದು?”

ಪ್ರತಿ ವಾರ ಸ್ಕೂಲಿನ ಟೆಸ್ಟ್ ಮುಗಿಸಿ ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ “ಹತ್ತಕ್ಕೆ ಎಷ್ಟು ಬಂತು?” ಎಂದು ಕೇಳುತ್ತಿದ್ದ ತಾಯಿ ಬಾಯಿಗೆ ಕೈಯಿಟ್ಟು ನಿಂತುಬಿಟ್ಟರು. ನಾನು ಡಾಕ್ಟರನ್ನು ಕರೆತರಲು ಓಡಿದೆ.

ಕೈ ಊದಿ ಪ್ಲಾಸ್ಟರ್ ಬಿಗಿಯಾಗಿ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಇನ್ನೂ ತಡವಾಗಿದ್ದರೆ ಆ ಕೈ ಪೆನ್ಸಿಲ್ ಹಿಡಿಯುವುದೇ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು, ಪ್ಲಾಸ್ಟರ್ ಸೀಳುತ್ತಲೇ. ಬೆರಳುಗಳು ಬೆಚ್ಚಗಾಗಿ ಕೆಂಪೇರುವವರೆಗೆ ನಾನು ಆ ಮಂಚ ಬಿಟ್ಟು ಕದಲಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ಮನೆಗೆ ಹೊರಟ ದಿನ ಅವಳ ಕೆನ್ನೆ ಹಿಂಡಿ ಕೇಳಿದೆ, “ನನಗ ಹತ್ತಕ್ಕ ಎಷ್ಟು ಕೊಡ್ತಿ?”

ಸ್ವಲ್ಪ ಯೋಚಿಸಿ ಎಡಗೈಯ ಐದೂ ಬೆರಳು ಬಿಚ್ಚಿದಳು. ಆಮೇಲೆ ಬಲಗೈಯ ಒಂದು ಬೆರಳನ್ನು ಮೆಲ್ಲಗೆ ಎತ್ತಿದಳು.

“ಬರೇ ಆರು? ಉಳಿದ ನಾಲ್ಕು?”

“ನೀವು ಮಮ್ಮಿ ಜೊತೆ ಮಾತಾಡ್ತಾನೇ ಇದ್ರಿ. ನನ್ನ ಕೈ ನೋಡ್ಲಿಲ್ಲ.”

ತಾಯಿ ಗದರಲು ಬಾಯಿ ತೆರೆದರು.

“ಬೈಬ್ಯಾಡ್ರೀ ಅಕ್ಕಾ,” ಎಂದೆ. “ಆರೂ ಹೆಚ್ಚಾತು.”