ಹೂವಿನ ಸುಗ್ಗಿ ಬಿಟ್ಟು ಗಣಿತಕ್ಕೆ ಹೋದವರು

ಇದು ಆಗದ ಮಾತು ಎಂದವರು ನಮ್ಮ ಭಾವ ಕೊಟ್ರಪ್ಪ. ಫೋನಿನಲ್ಲಿ ಅಂದರು, ಹೊಲದ ಬದುವಿನ ಮೇಲೆ ಅಂದರು, ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರ ಎದುರಿಗೂ ಅಂದರು.

"ಹೂವಿನ ಸುಗ್ಗಿ ಬಿಟ್ಟು ನನ್ನ ಮಗಳು ಕೋಲ್ಕತ್ತಾಕ ಗಣಿತ ಕಲಿಯಾಕ ಹೊಕ್ಕಾಳ? ಹುಲಿಗೆಮ್ಮ, ನೀ ಓದೀದಿ ಖರೆ. ಆದರ ನಿನ್ನ ತಲಿಗೆ ಬಿಸಿಲು ಹತ್ತೈತಿ ನೋಡು."

ಭಾವನ ಮಾತಿನಲ್ಲಿ ಸುಳ್ಳಿರಲಿಲ್ಲ. ಬೇಸಿಗೆ ರಜೆ ಎಂದರೆ ಬೇರೆ ಕಡೆಯ ಮಕ್ಕಳಿಗೆ ಅಜ್ಜಿಯ ಊರು, ಈಜು, ನಿದ್ದೆ. ನಮ್ಮ ಕಡೆ ಮಲ್ಲಿಗೆ ಬೆಳೆಯುವ ಮನೆಯಲ್ಲಿ ಹಾಗಲ್ಲ. ಶಾಲೆ ಮುಚ್ಚುವುದಕ್ಕೂ ಗಿಡ ಮೈತುಂಬ ಮೊಗ್ಗು ಬಿಡುವುದಕ್ಕೂ ಸರಿಹೋಗುತ್ತದೆ. ಕತ್ತಲಿದ್ದಾಗಲೇ ಹಣೆಗೆ ಬ್ಯಾಟರಿ ಕಟ್ಟಿಕೊಂಡು ಸಾಲಿಗೆ ಇಳಿಯಬೇಕು, ಬಿಸಿಲು ಏರುವಷ್ಟರಲ್ಲಿ ಗಿಡ ಬರಿದಾಗಬೇಕು. ಗಿಡದ ಮೇಲೆ ಅರಳಿದ ಹೂವನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ನಾನೂ ಆ ಸಾಲಿನಲ್ಲಿ ಬೆಳೆದವಳೇ. ಹೆಬ್ಬೆಟ್ಟು ಒತ್ತುವ ಮನೆಯಲ್ಲಿ ಹುಟ್ಟಿ, ಹರಪನಹಳ್ಳಿಯಲ್ಲಿ ಪಿಯುಸಿ, ದಾವಣಗೆರೆಯಲ್ಲಿ ಬಿಎಸ್ಸಿ, ಬಳ್ಳಾರಿಯಲ್ಲಿ ಗಣಿತದ ಎಂಎಸ್ಸಿ ಮಾಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಯಾರಾದರೂ ಕೇಳಲಿ ಎಂದು ಕಾಯುವುದಿಲ್ಲ, ನಾನೇ ಹೇಳಿಕೊಳ್ಳುತ್ತೇನೆ.

ಈಗ ಕೋಲ್ಕತ್ತದ ಒಂದು ವಿಜ್ಞಾನ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಇಲ್ಲಿಗೆ ಬಂದ ಮೊದಲ ಬೆಳಗ್ಗೆ ಕಣ್ಣು ಬಿಟ್ಟಾಗ ಕೋಣೆಯ ತುಂಬ ಬೆಳಕು. "ಹೊತ್ತಾತಲ್ಲೋ ಯಪ್ಪಾ" ಎಂದು ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದೆ. ಕೆಳಗೆ ಒಂದು ನಾಯಿ ಬಿಟ್ಟರೆ ಯಾರೂ ಎದ್ದಿರಲಿಲ್ಲ. ಗಡಿಯಾರದಲ್ಲಿ ಇನ್ನೂ ಐದಾಗಿರಲಿಲ್ಲ. ದೇಶಕ್ಕೆಲ್ಲ ಗಡಿಯಾರ ಒಂದೇ ಆದರೂ ಮೂಡಲಿನ ಈ ಊರಿಗೆ ಸೂರ್ಯ ಮೊದಲು ಬರುತ್ತಾನೆ. ಭೂಗೋಳದಲ್ಲಿ ಇದನ್ನು ಓದಿ ಅಂಕ ತೆಗೆದಿದ್ದೆ. ಮೈಗೆ ಮಾತ್ರ ಇವತ್ತಿಗೂ ತಿಳಿದಿಲ್ಲ. ಆ ಬೆಳಕು ಬಿದ್ದ ಕೂಡಲೇ ಏನೋ ತಪ್ಪಿಹೋಯಿತು ಎಂದು ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಕೂತಲ್ಲಿ ಕೂರಲಾಗುವುದಿಲ್ಲ.

ಮನೆ ಹುಡುಕುವುದೂ ತಲೆಕೆಳಗು. ದಾವಣಗೆರೆಯಲ್ಲಿ ಬಾಡಿಗೆ ಕೋಣೆ ಕೇಳಲು ಹೋದರೆ "ನೀವು ಯಾವ ಪೈಕಿ? ಮಾಂಸ-ಗೀಂಸ ತಿಂತೀರೇನು?" ಎಂದು ಬಾಗಿಲಲ್ಲೇ ವಿಚಾರಣೆ. ಒಂದು ಮನೆಯವರು ನಾನು ಉತ್ತರ ಕೊಡುವ ಮೊದಲೇ ಕೋಣೆ ಹೋಗಿಬಿಟ್ಟಿದೆ ಎಂದರು. ಇಲ್ಲಿ ಮನೆ ಮಾಲಕಿ ಮಾಶಿಮಾ (ಚಿಕ್ಕಮ್ಮ ಎಂಬಂತೆ ಹೀಗೆ ಕರೆಯುತ್ತಾರೆ) ಕೇಳಿದ್ದು, "ಮೀನು ತಿನ್ನುತ್ತೀಯಲ್ಲ?" ಎಂದು. ಹಳ್ಳದ ಮೀನು ತಿಂದಿದ್ದೇನೆ ಎಂದೆ. ಹಾಗಾದರೆ ನಮ್ಮವಳೇ ಬಿಡು ಎಂದು ಕೀಲಿ ಕೈಗಿಟ್ಟಳು. ಆ ದಿನ ನಾನು ಬಾಗಿಲು ಹಾಕಿಕೊಂಡು ಅತ್ತೆ. ಯಾಕೆಂದು ನನಗೇ ಸರಿಯಾಗಿ ಗೊತ್ತಾಗಲಿಲ್ಲ. ಊಟದಲ್ಲಿ ಜೋಳದ ರೊಟ್ಟಿಯಿಲ್ಲ, ಎರಡು ಹೊತ್ತೂ ಅನ್ನ. ಒಂದು ಸಂಜೆ ಬೀದಿಯಲ್ಲಿ 'ಮುರಿ' ಎಂದು ಕೂಗುವವನ ಡಬ್ಬಿ ಇಣುಕಿದರೆ ನಮ್ಮ ಮಂಡಕ್ಕಿ! ಅವನು ಸಾಸಿವೆ ಎಣ್ಣೆ ಸುರಿಯುವ ಮೊದಲೇ ಕೈ ಹಿಡಿದು ನಿಲ್ಲಿಸಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಟಾಣಿ ಎಂದು ಸನ್ನೆಯಲ್ಲೇ ಹೇಳಿ ಮಾಡಿಸಿಕೊಂಡೆ. ಈಗ ನನ್ನನ್ನು ಕಂಡರೆ ಅವನು ಎಣ್ಣೆಯ ಬಾಟಲಿಯನ್ನು ಬದಿಗಿಡುತ್ತಾನೆ. ನನ್ನ ಲೆಕ್ಕದಲ್ಲಿ ಅದೂ ಒಂದು ಗೆಲುವು.

ನಮ್ಮ ಕೇಂದ್ರ ಪ್ರತಿ ಬೇಸಿಗೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಮೂರು ವಾರದ ಗಣಿತ-ವಿಜ್ಞಾನ ಶಿಬಿರ ನಡೆಸುತ್ತದೆ. ಊಟ, ವಸತಿ ಕೇಂದ್ರದ್ದೇ. ಅಕ್ಕನ ಮಗಳು ಚೈತ್ರಾ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದಳು. ಶಿಬಿರದ ಪ್ರವೇಶಕ್ಕೆ ಕೊಟ್ಟ ಲೆಕ್ಕಗಳನ್ನು ಅವಳೇ ಬಿಡಿಸಿ ಸೀಟು ತೆಗೆದುಕೊಂಡಳು. ಅವಳಿಗೆ ಪಿಯುಸಿಗೆ ಸೈನ್ಸ್ ಬೇಕು, ಅದಕ್ಕೆ ದಾವಣಗೆರೆಗೆ ಹೋಗಬೇಕು. ಭಾವನಿಗೆ ಮಗಳು ಹಡಗಲಿಯಲ್ಲೇ ಆರ್ಟ್ಸ್ ಓದಿಕೊಂಡು ಬೆಳಗ್ಗೆ ಹೂವಿಗೆ ಕೈಯಾಗಬೇಕು. ಕೊನೆಗೆ ಅಕ್ಕ ನಡುವೆ ಬಂದಳು.

"ಹೋಗಿ ಬರ್ಲಿ. ಶಿಬಿರ ಮುಗಿಸಿ ಸರ್ಟಿಫಿಕೇಟ್ ತಂದ್ರ ಸೈನ್ಸಿಗೆ ಕಳಸ್ರಿ. ತರ್ಲಿಲ್ಲಂದ್ರ ನೀವು ಹೇಳಿದ್ದ ಆಗ್ಲಿ."

"ಆತು ತಗೋ," ಎಂದರು ಭಾವ. "ನಾಕು ದಿನಕ್ಕ ಅಳಕೋತ ಬರದಿದ್ರ ಕೇಳು."

ನಾನು ಊರಿಗೆ ಹೋಗಿ, ಹೊಸಪೇಟೆಯಲ್ಲಿ ರೈಲು ಹತ್ತಿಸಿ ಅವಳನ್ನು ಕರೆತಂದೆ.

ಮೊದಮೊದಲು ಎಲ್ಲ ಸರಿಯಿತ್ತು. ಗಣಿತದ ಗುಂಪಿನಲ್ಲಿ ಅವಳು ಚುರುಕು. ಮಾತು ಮಾತ್ರ ಕಡಿಮೆ. ಕನ್ನಡ ಮೀಡಿಯಂ ಹುಡುಗಿ, ಇಂಗ್ಲಿಷಿನ ವಾಕ್ಯ ಬಾಯಿಗೆ ಬರುವಷ್ಟರಲ್ಲಿ ಬೇರೆ ಮಕ್ಕಳು ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದರು. ಮೊದಲ ವಾರ ಮುಗಿಯುತ್ತಿದ್ದ ಒಂದು ಬೆಳಗ್ಗೆ ನನ್ನ ಬಾಗಿಲು ಬಡಿದ ಸದ್ದಾಯಿತು. ಚೈತ್ರಾ ನಿಂತಿದ್ದಳು, ವೇಲಿನ ಮಡಿಲು ತುಂಬ ಮಲ್ಲಿಗೆ ಮೊಗ್ಗು. ಇಲ್ಲಿ ಬೇಲ್‌ಫೂಲ್ ಎನ್ನುತ್ತಾರೆ, ನಮ್ಮದಕ್ಕಿಂತ ದುಂಡಗೆ, ದಪ್ಪ. ಅವಳ ಮುಖದಲ್ಲಿ ಊರು ಬಿಟ್ಟ ಮೇಲೆ ಕಂಡ ಮೊದಲ ನಗೆ.

"ಚಿಗವ್ವ, ಎಷ್ಟು ಬೆಳಕಾಗೈತಿ, ಒಬ್ಬರೂ ಎದ್ದಿಲ್ಲ! ಕೇಂದ್ರದ ಹಿಂದಿನ ತ್ವಾಟದಾಗ ಗಿಡ ಹಂಗ ನಿಂತಿದ್ವು. ಒಂದು ಮೊಗ್ಗೂ ಬಿಡದಂಗ ಬಿಡಿಸೇನಿ."

"ಗಿಡಕ್ಕ ಬಣ್ಣದ ದಾರ ಕಟ್ಟಿದ್ರಲ್ಲ, ನೋಡ್ಲಿಲ್ಲೇನು?"

"ನೋಡಿದೆ. ಯಾರೋ ಹರಕಿ ಕಟ್ಯಾರಂತ ದಾರ ಮುಟ್ಟಲಿಲ್ಲ ನೋಡು."

ಆ ದಾರಗಳು ಜೀವಶಾಸ್ತ್ರದ ಗುಂಪಿನವು. ಯಾವ ಮೊಗ್ಗು ಯಾವತ್ತು ಬಿರಿಯುತ್ತದೆ, ಅಂದಿನ ಸೆಖೆ ಎಷ್ಟು ಎಂದು ಆ ಮಕ್ಕಳು ಗುರುತು ಹಾಕಿಕೊಂಡು ಬರುತ್ತಿದ್ದರು. ಆ ವಾರ ಅವರು ಕಾಯುತ್ತಿದ್ದ ಮೊಗ್ಗೆಲ್ಲ, ಒಂದೂ ಅರಳುವ ಮೊದಲೇ, ಇವಳ ಮಡಿಲಲ್ಲಿತ್ತು.

ತೋಟದಲ್ಲಿ ಆ ಗುಂಪಿನ ಮೌಶುಮಿ ಬರಿದಾದ ಗಿಡ ನೋಡಿ ಅತ್ತೇಬಿಟ್ಟಳು. ಒಬ್ಬ ಹುಡುಗ, "ಹೂ ಕಳ್ಳಿ" ಎಂದ. ಶಿಬಿರ ನಡೆಸುವ ಶ್ಯಾಮಲಿದಿ (ದಿ ಎಂದರೆ ಅಕ್ಕ) ಬಂದು, ಬೈಯದೆ ಕಾರಣ ಕೇಳಿದರು. ಚೈತ್ರಾ ನನ್ನ ಕಡೆ ತಿರುಗಿದಳು. ನಾನೇ ಹೇಳಿದೆ. ನಮ್ಮಲ್ಲಿ ಮೊಗ್ಗನ್ನು ಗಿಡದಲ್ಲಿ ಬಿಟ್ಟವಳು ಸೋಮಾರಿ ಎನಿಸಿಕೊಳ್ಳುತ್ತಾಳೆ ಎಂದೆ. ಶ್ಯಾಮಲಿದಿ ಸ್ವಲ್ಪ ಯೋಚಿಸಿ ಹೇಳಿದರು: "ಹಾಗಾದರೆ ಇವಳು ಇನ್ನು ಈ ಗುಂಪಿನಲ್ಲೇ ಇರಲಿ. ಮತ್ತೆ ಮೊದಲಿನಿಂದ ಎಣಿಸಲಿ. ಕೆಲಸ ಮುಗಿಸಿ ಎಲ್ಲರ ಮುಂದೆ ಹೇಳಿದರೆ ಸರ್ಟಿಫಿಕೇಟ್. ಇಲ್ಲದಿದ್ದರೆ ಇಲ್ಲ."

ಕೋಣೆಗೆ ಹೋಗಿ ನೋಡಿದರೆ ಚೈತ್ರಾ ಹಾಸಿಗೆಯ ಮೇಲೆ ಬಟ್ಟೆ ಮಡಚತೊಡಗಿದ್ದಳು. "ಅಪ್ಪ ಅಂದದ್ದ ಖರೆ ಆತು. ನನ್ನ ರೈಲು ಹತ್ತಸು." ನಾನು ಅಕ್ಕನಿಗೆ ಫೋನ್ ಹಚ್ಚಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆ ಕಡೆಯಿಂದ ಮೊದಲು ಬಂದದ್ದು ನಗು.

"ಒಂದೂ ಬಿಡಲಿಲ್ಲಂತ? ಹಲ್ಕಟ್ ಹುಡುಗಿ, ಇಲ್ಲಿ ದಿನಾ ಅರ್ಧಾ ಗಿಡ ಬಿಟ್ಟು ಬರ್ತಿತ್ತಲ್ಲೇ! ಫೋನು ಅಕಿ ಕೈಯಾಗ ಕೊಡು... ಚೈತ್ರಾ, ಅಳಬ್ಯಾಡ. ಕೆಡಿಸಿದ್ದನ್ನ ನೆಟ್ಟಗ ಮಾಡಿ ಬಾ. ಹಂಗ ಬಂದ್ರ ನಾ ಬಾಗಲಾ ತಗಿಯಂಗಿಲ್ಲ."

ಅಂದಿನಿಂದ ಅವಳು ಬೆಳಗ್ಗೆ, ಸಂಜೆ ಗಿಡದ ಮುಂದೆ ಕೂರುತ್ತಿದ್ದಳು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು. "ಕೈ ಸುಮ್ಕಿರವಲ್ವು ಚಿಗವ್ವ. ಬಲಿತ ಮೊಗ್ಗು ಕಣ್ಣೆದುರಿಗೆ ಕೆಡಾಕತ್ತೈತಿ ಅನಸ್ತೈತಿ." ಅದು ಕೆಡುವುದಲ್ಲ, ಅರಳುವುದು ಎಂದು ಹೇಳುವುದು ಸುಲಭ. ಹೇಳಿದ ನನಗೇ ನಂಬಿಕೆ ಸಾಲದು. ನಾನೂ ಒಂದು ಕಡೆ ನಿಲ್ಲಲಾರದೆ ವರಾಂಡದಲ್ಲಿ ತಿರುಗುತ್ತಿದ್ದೆ. ಅವಳ ಗಣಿತದ ಕೆಲಸವನ್ನೇ ನೋಡಿ ಸರ್ಟಿಫಿಕೇಟ್ ಕೊಡಿರೆಂದು ಕೇಳಲು ಶ್ಯಾಮಲಿದಿಯ ಬಾಗಿಲವರೆಗೆ ಹೋದೆ, ಬಡಿಯದೆ ಬಂದೆ. ನಾನು ಓದಿದ್ದು ಯಾರ ಬಾಗಿಲನ್ನೂ ಹಾಗೆ ಬಡಿದಲ್ಲ.

ಆಮೇಲೆ ಕಾಲ್‌ಬೈಶಾಖಿ ಬಂತು. ವೈಶಾಖದ ಸಂಜೆಗಳಲ್ಲಿ ಆಕಾಶ ಕಪ್ಪಾಗಿ ಒಮ್ಮೆಗೇ ನುಗ್ಗುವ ಗಾಳಿಮಳೆಗೆ ಇಲ್ಲಿ ಈ ಹೆಸರು. ಅರ್ಧ ಮೊಗ್ಗು ನೆಲಕ್ಕೆ. ಮೌಶುಮಿ ಮತ್ತು ಚೈತ್ರಾ ಒಂದೇ ಛತ್ರಿಯನ್ನು ಗಿಡದ ಮೇಲೆ ಹಿಡಿದು ತಾವು ತೊಯ್ದು ನಿಂತಿದ್ದರು. ಭಾಷೆ ಅಷ್ಟಕ್ಕಷ್ಟೆ, ಆದರೂ ಇಬ್ಬರೂ ಗಾಳಿಗೆ ಬೈಯುತ್ತಿದ್ದರು, ಒಬ್ಬಳು ಬಂಗಾಳಿಯಲ್ಲಿ, ಒಬ್ಬಳು ಹಡಗಲಿಯ ಕನ್ನಡದಲ್ಲಿ. ಉಳಿದ ಮೊಗ್ಗುಗಳಿಂದಲೇ ನಕ್ಷೆ ಬರೆಯಬೇಕಾಯಿತು. ಮೊದಲ ವಾರದ ಜಾಗ ಬೋಳಾಗಿ ಕಾಣುತ್ತದೆ, ಅಂದಾಜಿನ ಮೇಲೆ ನಾಲ್ಕು ಚುಕ್ಕೆ ಇಟ್ಟುಬಿಡೋಣ ಎಂದ, ಹೂ ಕಳ್ಳಿ ಎಂದಿದ್ದ ಅದೇ ಹುಡುಗ. ಚೈತ್ರಾ ನಕ್ಷೆಯ ಮೇಲೆ ಅಂಗೈ ಊರಿ, "ನೋ" ಎಂದಳು. ಅಷ್ಟೇ ಇಂಗ್ಲಿಷು. ಸಾಕಾಯಿತು.

ಕೊನೆಯ ದಿನಕ್ಕೆಂದು ಅಕ್ಕ ಹಿಂದಿನ ದಿನವೇ ಬಂದಳು. ಬಳ್ಳಾರಿ ದಾಟಿ ಎಂದೂ ಹೋಗದವಳು, ಪಕ್ಕದ ಹೊಲದವರಿಗೆ ಮುಯ್ಯಿ ಒಪ್ಪಿಸಿ ಬಂದಿದ್ದಳು. ಈಗ ಅವರು ಇವಳ ಸಾಲು ಬಿಡಿಸುತ್ತಾರೆ, ಹೋದ ಮೇಲೆ ಇವಳು ಅವರದು ಬಿಡಿಸಬೇಕು. ಸಭೆಯಲ್ಲಿ ನನ್ನ ಪಕ್ಕ ಕಾಲು ಮೇಲೆತ್ತಿ ಕುರ್ಚಿಯಲ್ಲಿ ಚಕ್ಕಳಮಕ್ಕಳ ಕೂತಳು. ಚೈತ್ರಾ ನಕ್ಷೆ ಹಿಡಿದು ನಿಂತಳು. ಇಂಗ್ಲಿಷಿನಲ್ಲಿ ತಡವರಿಸಿದಳು, ಹಿಂದಿಗೆ ಹಾರಿದಳು, ಮತ್ತೆ ಇಂಗ್ಲಿಷಿಗೆ ಬಂದಳು. ಒಬ್ಬ ತಂದೆ ಎದ್ದು, ಮೊದಲ ವಾರ ಏಕೆ ಖಾಲಿ ಎಂದು ಕೇಳಿದರು.

"ಆ ವಾರದ ಮೊಗ್ಗು ನಾನು ಕಿತ್ತೆ," ಎಂದಳು. "ನಮ್ಮ ಊರಿನಲ್ಲಿ ಗಿಡದಲ್ಲಿ ಬಿಟ್ಟರೆ ನಷ್ಟ. ಇಲ್ಲಿ ಕಿತ್ತರೆ ನಷ್ಟ. ನನಗೆ ಗೊತ್ತಿರಲಿಲ್ಲ. ನೋಡದೇ ಇದ್ದುದನ್ನು ಬರೆಯಬಾರದು, ಅದಕ್ಕೇ ಖಾಲಿ ಬಿಟ್ಟಿದ್ದೇವೆ."

ಕೇಳಿದವರು ತಲೆಯಾಡಿಸಿ ಕೂತರು. ಮೌಶುಮಿ ಮೊದಲು ಚಪ್ಪಾಳೆ ಹೊಡೆದಳು.

"ಏನಂದ್ಲು?" ಅಕ್ಕ ನನ್ನ ಮೊಣಕೈ ತಿವಿದಳು. ಹೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಸೆಖೆ ಭಾಳ ಐತಿ ಇಲ್ಲಿ ಎಂದಳು.

ಶ್ಯಾಮಲಿದಿ ಹೆಸರು ಕೂಗಿ ಸರ್ಟಿಫಿಕೇಟ್ ಕೊಟ್ಟರು. ಚೈತ್ರಾ ಅದನ್ನು ನೇರ ತಂದು ಅವ್ವನ ಕೈಗಿಟ್ಟಳು. ಅಕ್ಕನಿಗೆ ಓದಲು ಬರುವುದಿಲ್ಲ. ಮಗಳ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೋಣೆ, ಮಾಶಿಮಾ ಕೊಟ್ಟ ಮೀನಿನ ಸಾರು, ನಾನು ಬಂಗಾಳಿಯಲ್ಲಿ ಆಟೋದವನ ಜೊತೆ ಜಗಳವಾಡಿದ್ದು, ಹಿಂದಿನ ದಿನದಿಂದ ಕಂಡದ್ದನ್ನೆಲ್ಲ ಒಟ್ಟು ಮಾಡಿದವಳಂತೆ ನನ್ನ ಮುಖ ನೋಡಿದಳು.

"ಇದನ್ನ ನಿಮ್ಮ ಭಾವನ ಮುಂದ ಇಡ್ತೀನಿ. ಆಡಿದ ಮಾತಿಗೆ ತಪ್ಪೂ ಮನಶಾ ಅಲ್ಲ ಅವ, ಇಕಿ ಸೈನ್ಸಿಗೆ ಹೋದ್ಲು ಅಂತ ತಿಳ್ಕೋ. ಇಕಿನ್ನ ಕರ್ಕೊಂಡು ಹೋಗಾಕ ಈಗ ಬಂದೆ," ಎಂದಳು. "ನಿನ್ನ ಕರ್ಕೊಂಡು ಹೋಗಾಕ ಯಾವಾಗ ಬರ್ಲಿ, ಹೇಳಬೇ."